ಗುಳಿಗೆಯೂ ನಾನೂ

ಕುಪ್ಪಗಡ್ಡೆ ಹೋಬಳಿಯ ಒಂದು ಹಳ್ಳಿಯಲ್ಲಿ ನಾನು ಹಾಲಿನ ಸೊಸೈಟಿಯ ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಹಾಲು ಅಳೆದು, ಫ್ಯಾಟು ಡಿಗ್ರಿ ನೋಡಿ ಪುಸ್ತಕಕ್ಕೆ ಬರೆಯಬೇಕು, ಕ್ಯಾನು ತುಂಬಿಸಿ ಗಾಡಿಗೆ ಹತ್ತಿಸಬೇಕು, ಹೊತ್ತಿಗೆ ಸರಿಯಾಗಿ ಬಟವಾಡೆ ಮಾಡಬೇಕು. ವರ್ಷಗಟ್ಟಲೆ ಮಾಡಿದ ಕೆಲಸ. ಆ ಮಳೆಗಾಲದಲ್ಲಿ ಅದೇ ಕೈಗೆ ಹತ್ತದಂತಾಯಿತು. ಒಂದೇ ಪುಟದ ಅಂಕಿಗಳನ್ನು ಮತ್ತೆ ಮತ್ತೆ ಕೂಡುತ್ತಿದ್ದೆ. ಪ್ರತಿ ಸಲವೂ ಮೊತ್ತ ಸರಿಯಾಗಿಯೇ ಬರುತ್ತಿತ್ತು, ನನಗೆ ಮಾತ್ರ ನಂಬಿಕೆ ಬರುತ್ತಿರಲಿಲ್ಲ.

ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಸ್ನಾನ ಮಾಡಿ ಸೀರೆ ಉಡುವುದೇ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಇವನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ಬೇರೆ: ನಾನು ಸದಸ್ಯರ ದುಡ್ಡು ತಿಂದಿದ್ದೇನೆ ಎಂಬುದು ತಲೆಯೊಳಗೆ ಕೂತುಬಿಟ್ಟಿತು. ಆಡಿಟ್ ಆಗಿತ್ತು, ಒಂದು ಪೈಸೆ ಹೆಚ್ಚುಕಮ್ಮಿ ಇರಲಿಲ್ಲ. ಆದರೂ ನಾನು ಕಳ್ಳಿ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಯಾರಾದರೂ ಸಮಾಧಾನ ಹೇಳಿದರೆ, ಪಾಪ, ಇವರಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಕೆರೆ ಏರಿಯ ಮೇಲಿನ ಹತ್ತಿರದ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದೆ. ಯಾಕೆಂದು ನಾನು ಹೇಳಲಿಲ್ಲ, ನಮ್ಮ ಮನೆಯವರಿಗೆ ಅರ್ಥವಾಯಿತು.

ಅತ್ತೆ ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತರು. ನೋಟ ಕೇಳಿಸಿಕೊಂಡು ಬನ್ನಿ ಎಂದವರೂ ಇದ್ದರು. ಖಿನ್ನತೆಯ ಬಗ್ಗೆ ನಾನು ಓದದವಳೇನಲ್ಲ. ಶಿವಮೊಗ್ಗದ ಡಾ. ಅಶೋಕ್ ಪೈ, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೆ. ಆದರೆ ಅದೆಲ್ಲ ಕಾಯಿಲೆಯವರಿಗೆ, ಕಳ್ಳಿಗೆ ಎಂಥ ಔಷಧ ಎಂದುಕೊಂಡೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆ ಹೇಳಿದ್ದಳು. ಅಂಥ ಒಂದು ಮಂಗಳವಾರ ಇವರು ನನ್ನನ್ನು ಸೊರಬದ ಬಸ್ಸು ಹತ್ತಿಸಿದರು.

ಡಾಕ್ಟರು ಎಸಿಟಾಲೊಪ್ರಾಮ್ ಬರೆದರು, ಮೊದಲು 5 ಮಿಲಿಗ್ರಾಂ, ಆಮೇಲೆ 10. "ಇದನ್ನ ತಿಂದ್ರೆ ತಲೆ ಕೆಡುತ್ತಾ ಸಾರ್?" ಎಂದು ಕೇಳಿದೆ. "ಮೊದಲು ಹೊಟ್ಟೆ ಕೆಡಬಹುದಮ್ಮ" ಎಂದರು. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸಿರೊಟೋನಿನ್ ಎಂಬ ರಾಸಾಯನಿಕ ಬಿಡುತ್ತವೆ, ಆಮೇಲೆ ಅದನ್ನು ವಾಪಸು ಎಳೆದುಕೊಳ್ಳುತ್ತವೆ. ಎಳೆದುಕೊಳ್ಳುವುದನ್ನು ಈ ಗುಳಿಗೆ ತಡೆಯುತ್ತದೆ. ಮೈಯಲ್ಲಿರುವ ಸಿರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಇರುವುದು ಕರುಳಿನಲ್ಲಿ, ಹಾಗಾಗಿ ವಾಕರಿಕೆ ಸಹಜ ಎಂದು ವಿವರಿಸಿದರು. ಅವರು ಹೇಳಿದಂತೆಯೇ ಆಯಿತು. ಜೊತೆಗೆ ಕೈಕಾಲು ನಿಲ್ಲದ ಚಡಪಡಿಕೆ, ದವಡೆ ಬಿಗಿತ. ತಡೆಯುವ ಕೆಲಸ ಗಂಟೆಗಳಲ್ಲೇ ಶುರುವಾದರೂ ಗುಣ ಕಾಣಲು ವಾರಗಳು ಬೇಕು, ಆ ವಾರಗಳನ್ನು ದಾಟುವುದೇ ಕಷ್ಟ ಎಂದು ನಮ್ಮ ಮನೆಯವರನ್ನು ಕೂರಿಸಿಕೊಂಡು ಎಚ್ಚರಿಸಿದ್ದರು. ಗುಳಿಗೆ ಇವರ ಕೈಯಲ್ಲೇ ಇರುತ್ತಿತ್ತು.

ಒಂದು ಸಂಜೆ, ದಿನಾ ಕಡೆಯಲ್ಲಿ ಬರುವ ಅಜ್ಜಿಯೊಬ್ಬರು ತಂಬಿಗೆ ಮುಂದಿಟ್ಟು, "ಇವತ್ತೆಷ್ಟು ಕದ್ದೆ ನಮ್ಮ ಹಾಲ?" ಎಂದರು. ಅವರು ಯಾವತ್ತೂ ಆಡುವ ತಮಾಷೆಯೇ. ಹಿಂದಿನ ತಿಂಗಳು ಅದೇ ಮಾತಿಗೆ ಮೈ ತಣ್ಣಗಾಗಿತ್ತು, ಊರಿಗೆಲ್ಲ ತಿಳಿದುಹೋಯಿತು ಎಂದು ರಾತ್ರಿಯಿಡೀ ಕೂತಿದ್ದೆ. ಆ ಸಂಜೆ ಅದು ತಮಾಷೆಯಾಗಿಯೇ ಕೇಳಿಸಿತು. ನಗು ಬರಲಿಲ್ಲ, ಮನಸ್ಸಿನ ಭಾರವೂ ಇಳಿದಿರಲಿಲ್ಲ. ಮಾತು ಮಾತ್ರ ಇದ್ದ ಹಾಗೆ ಕೇಳಿಸಿತು.

ಇದು ಹೀಗೇಕೆ ಎಂಬುದಕ್ಕೆ ಆಮೇಲೆ ಒಂದು ಉತ್ತರ ಸಿಕ್ಕಿತು. ಆಕ್ಸ್‌ಫರ್ಡ್‌ನ ಕ್ಯಾಥರೀನ್ ಹಾರ್ಮರ್ ಮತ್ತು ಜೊತೆಯವರು ತೋರಿಸಿದ್ದು ಇದನ್ನೇ: ಮನಸ್ಸು ಹಗುರಾಗುವ ಮೊದಲೇ, ಗುಳಿಗೆ ಶುರು ಮಾಡಿದ ಆರಂಭದಲ್ಲೇ, ಎದುರಿನವರ ಮುಖವನ್ನೂ ಮಾತನ್ನೂ ಕೆಟ್ಟದ್ದಾಗಿಯೇ ಓದುವ ರೂಢಿ ಸಡಿಲಾಗುತ್ತದೆ. ಉಳಿದದ್ದನ್ನು ದಿನನಿತ್ಯದ ಅನುಭವ ನಿಧಾನಕ್ಕೆ ಕಲಿಸಬೇಕು. ನನಗೆ ಕಲಿಸಿದ್ದು ಡೇರಿ. ದಿನವೂ ಜನ ಬಂದರು, ಯಾರೂ ಕಳ್ಳಿ ಎನ್ನಲಿಲ್ಲ. ಮೊದಲೂ ಯಾರೂ ಎಂದಿರಲಿಲ್ಲ, ಈಗ ಅದು ನನಗೆ ಕಾಣಿಸತೊಡಗಿತು.

ಮರುವರ್ಷ ತವರಿನಲ್ಲಿ ಅಪ್ಪ ತೀರಿಕೊಂಡರು. ಹೆಣದ ಮುಂದೆ ಕೂತರೂ ಕಣ್ಣಲ್ಲಿ ಹನಿ ನೀರು ಬರಲಿಲ್ಲ. "ಅಪ್ಪ ಹೋದ್ರೂ ಅಳಲಿಲ್ಲ ನೋಡು" ಎಂದು ಹೆಂಗಸರು ಆಡಿಕೊಂಡದ್ದು ಕಿವಿಗೆ ಬಿತ್ತು. ಮಗಳ ಪಿಯುಸಿ ಫಲಿತಾಂಶ ಬಂದಾಗ ಸಂತೋಷವೂ ಹಾಗೆಯೇ ಬಾರದೆ ಹೋಯಿತು. ಕಾಯಿಲೆಯಲ್ಲಿ ನನ್ನ ಬಗ್ಗೆ ನನಗೆ ಅಸಹ್ಯವಿತ್ತು, ಈಗ ಏನೂ ಇರಲಿಲ್ಲ. ಇದು ಗುಣವೋ, ಇನ್ನೊಂದು ಕಾಯಿಲೆಯೋ ಎಂದು ಡಾಕ್ಟರನ್ನು ಕೇಳಿದೆ. ಈ ಗುಳಿಗೆ ತೆಗೆದುಕೊಳ್ಳುವ ಹಲವರು ಇದನ್ನು ಹೇಳುತ್ತಾರೆ ಎಂದರು. 2023ರಲ್ಲಿ ಪ್ರಕಟವಾದ ಕೇಂಬ್ರಿಜ್ ಮತ್ತು ಕೋಪನ್‌ಹೇಗನ್‌ನವರ ಅಧ್ಯಯನದಲ್ಲಿ, ಆರೋಗ್ಯವಂತರಿಗೆ ಕೆಲವು ವಾರ ಇದೇ ಎಸಿಟಾಲೊಪ್ರಾಮ್ ಕೊಟ್ಟಾಗ, ಸರಿ-ತಪ್ಪಿನ ಪ್ರತಿಫಲದಿಂದ ಕಲಿಯುವ ಚುರುಕು ಕಡಿಮೆಯಾದದ್ದು ಕಂಡಿದೆ. ಡಾಕ್ಟರು ಡೋಸು ಇಳಿಸಿದರು. ಇಳಿಸುವಾಗ ತಲೆ ತಿರುಗಿಸಿದರೆ ಸಾಕು, ಒಳಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ಮತ್ತಷ್ಟು ನಿಧಾನಕ್ಕೆ ಇಳಿಸಿದ ಮೇಲೆ ಅದು ನಿಂತಿತು. ಅಪ್ಪನ ವರ್ಷಾಂತಿಕದ ದಿನ ಎಡೆ ಬಡಿಸುತ್ತ ಅತ್ತುಬಿಟ್ಟೆ. ಬಡಿಸಿದ ಮೇಲೂ ಅಳುತ್ತಿದ್ದೆ.

ಬೆಂಗಳೂರಿನಲ್ಲಿರುವ ಮಗ ಒಂದು ಸುದ್ದಿ ಕಳಿಸಿ, "ಸಿರೊಟೋನಿನ್ ಕಥೆಯೇ ಸುಳ್ಳಂತೆ, ಬಿಟ್ಟುಬಿಡಮ್ಮ" ಎಂದ. 2022ರಲ್ಲಿ ಲಂಡನ್ನಿನ ಜೊವಾನಾ ಮೊಂಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಸಿರೊಟೋನಿನ್ ಕಡಿಮೆಯಾಗಿಯೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದದ್ದು ನಿಜ. ಕಾಯಿಲೆ ಯಾಕೆ ಬರುತ್ತದೆ ಎಂಬುದು ಒಂದು ಪ್ರಶ್ನೆ, ಗುಳಿಗೆ ಕೆಲಸ ಮಾಡುತ್ತದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಉತ್ತರ ಪ್ರಕಟಿಸಿದೆ. 21 ಔಷಧಗಳ 522 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಎಲ್ಲವೂ ಹುಸಿಗುಳಿಗೆಗಿಂತ ಮೇಲು, ಆದರೆ ಸರಾಸರಿಯಲ್ಲಿ ಅಂತರ ದೊಡ್ಡದಲ್ಲ. ಎಲ್ಲರಿಗೂ ನನ್ನಷ್ಟು ಗುಣವಾಗುತ್ತದೆಂದು ಆದ್ದರಿಂದ ನಾನು ಹೇಳಲಾರೆ.

ಮೊನ್ನೆ ಹಾಲು ಹಾಕುವ ಹೆಣ್ಣುಮಗಳೊಬ್ಬಳು ಎಲ್ಲರೂ ಹೋಗುವವರೆಗೆ ಕಾದಿದ್ದು, "ಅಕ್ಕಾ, ಆ ಗುಳಿಗೆ ತಗಂಡ್ರೆ ನಾವು ನಾವಾಗೇ ಇರ್ತೀವಾ?" ಎಂದಳು. ಕಾಯಿಲೆ ಜೋರಿದ್ದಾಗ ನಾನು ನಾನಾಗಿರಲಿಲ್ಲ, ಡೋಸು ಹೆಚ್ಚಿದ್ದಾಗಲೂ ಪೂರ್ತಿ ನಾನಾಗಿರಲಿಲ್ಲ ಎಂದೆ. ಎರಡನ್ನೂ ಬಾಯಿಬಿಟ್ಟು ಹೇಳಬೇಕು, ಹೇಳಿದ್ದಕ್ಕೇ ಡಾಕ್ಟರಿಗೆ ಬದಲಿಸಲು ಆಯಿತು ಎಂದೆ. ರಾತ್ರಿ ತಡೆಯಲಾಗದೆ ಹೋದರೆ 14416ಕ್ಕೆ, ಟೆಲಿ ಮಾನಸ್‌ಗೆ, ಫೋನು ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಸ್ಪತ್ರೆಗೆ ಒಬ್ಬಳೇ ಹೋಗುವುದು ಬೇಡ, ಮಂಗಳವಾರ ಬೆಳಗಿನ ಹಾಲು ಮುಗಿಸಿ ನಾನೂ ಬರುತ್ತೇನೆ ಎಂದೆ.