ಮಗಳಿಗಾಗಿ ಊರು ಬಿಟ್ಟವರ ಕೋಟೆ

ಮದುವೆಗೋ ಆಸ್ಪತ್ರೆ ಕೆಲಸಕ್ಕೋ ಬೆಂಗಳೂರಿಗೆ ಬರುತ್ತೀರಿ. ಅರ್ಧ ದಿನ ಬಿಡುವು ಸಿಕ್ಕರೆ ಲಾಲ್‌ಬಾಗು, ಇಲ್ಲವೇ ಚಿಕ್ಕಪೇಟೆಯ ಸೀರೆ ಅಂಗಡಿ, ಅಲ್ಲವೇ? ಈ ಸಲ ಹೆಬ್ಬಾಳದಲ್ಲಿ ದೇವನಹಳ್ಳಿ ಬಸ್ಸು ಹತ್ತಿ ನೋಡಿ. ಯಲಹಂಕ ದಾಟಿ, ವಿಮಾನ ನಿಲ್ದಾಣದ ತಿರುವನ್ನೂ ಹಿಂದೆ ಬಿಟ್ಟರೆ ಇನ್ನು ದೂರವಿಲ್ಲ.

ದೇವನಹಳ್ಳಿ ಟಿಪ್ಪು ಹುಟ್ಟಿದ ಊರು ಅಂತ ಶಾಲೆಯಲ್ಲೇ ಓದಿದ್ದೀರಿ. ಆದರೆ ಇಲ್ಲಿಯ ಕೋಟೆಯ ಕಥೆ ಶುರುವಾಗುವುದು ಒಬ್ಬ ಹೆಣ್ಣುಮಗಳಿಂದ. ಕಂಚಿ ಸೀಮೆಯ ರಣಬೈರೇಗೌಡನ ಮಗಳು ದೊಡ್ಡಮ್ಮ ಬಲು ಚೆಲುವೆಯಂತೆ. ಬಲಾಢ್ಯನೊಬ್ಬ ಅವಳನ್ನು ತನಗೇ ಕೊಡಬೇಕೆಂದು ಹಟ ಹಿಡಿದ. ಒಲ್ಲದ ಸಂಬಂಧ ಬೇಡವೆಂದು ಮನೆಮಂದಿಯೆಲ್ಲ ರಾತ್ರೋರಾತ್ರಿ ಹೊರಟರು. ಎದುರಿಗೆ ಪಾಲಾರ್ ನದಿ ತುಂಬಿ ಹರಿಯುತ್ತಿತ್ತು. ದೊಡ್ಡಮ್ಮ ಕಿವಿಯ ಓಲೆ ಬಿಚ್ಚಿ ಗಂಗಮ್ಮನಿಗೆ ಅರ್ಪಿಸಿದಳು, ಹೊಳೆ ದಾರಿ ಬಿಟ್ಟಿತು! ಹೊಳೆ ಇಬ್ಭಾಗವಾದದ್ದನ್ನು ನೀವು ನಂಬದಿದ್ದರೂ ಸರಿ. ಮಗಳಿಗಾಗಿ ಹೊಲಮನೆ ಬಿಟ್ಟು ಬಂದವರು ಮುಂದೆ ಗೋಡೆ ಕಟ್ಟಿಕೊಂಡದ್ದು ನನಗಂತೂ ಸಹಜವೆನಿಸುತ್ತದೆ.

ಹಾಗೆ ಬಂದವರು ನಂದಿಬೆಟ್ಟದ ಆಸುಪಾಸಿನ ಆವತಿಯಲ್ಲಿ ನೆಲೆಸಿದರು. ಅವರಲ್ಲೇ ಒಂದು ಕವಲು ಯಲಹಂಕಕ್ಕೆ ಹೋಯಿತು. ಕೆಂಪೇಗೌಡರ ಮನೆತನ ಅದೇ. ಆವತಿಯ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿದ.

ಇಂಗ್ಲೆಂಡಿನ ಹಳೆಯ ಕೋಟೆಗಳ ನಡುವೆ ದಪ್ಪಗೋಡೆಯ ಎತ್ತರದ ಗೋಪುರವೊಂದಿರುತ್ತದೆ. ಲಂಡನ್ನಿನ ಬಿಳಿಗೋಪುರ ಅಂಥದ್ದು. ಆಪತ್ತು ಬಂದರೆ ದೊರೆಯ ಪರಿವಾರ ಅದರೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುತ್ತಿತ್ತು. ನಮ್ಮಲ್ಲಿ ಹಾಗಲ್ಲ ನೋಡಿ. ದೇವನಹಳ್ಳಿಯಲ್ಲಿ ಸುಮಾರು 20 ಎಕರೆ ಜಾಗವನ್ನು ಬಳಸಿ ಗೋಡೆ ಕಟ್ಟಿ, ದೇವಸ್ಥಾನ, ಬೀದಿ, ಮನೆ ಎಲ್ಲವನ್ನೂ ಒಳಗಿಟ್ಟರು. ಇವತ್ತಿಗೂ ಒಳಗೆ ಸಂಸಾರಗಳಿವೆ.

ಮೈಸೂರಿನ ಸೇನೆ 1749ರಲ್ಲಿ ಈ ಕೋಟೆಗೆ ಮುತ್ತಿಗೆ ಹಾಕಿ ಗೆದ್ದಿತು. ಹೈದರಾಲಿ ಎಂಬ ಯುವಕನ ಪರಾಕ್ರಮ ದೊಡ್ಡವರ ಕಣ್ಣಿಗೆ ಬಿದ್ದದ್ದು ಆಗಲೇ. ಮುಂದೆ ಅವನೂ ಮಗ ಟಿಪ್ಪುವೂ ಸೇರಿ ಮಣ್ಣುಗೋಡೆಯನ್ನು ಕಲ್ಲಿನದಾಗಿ ಮಾಡಿಸಿದರು. ಗೋಡೆಯುದ್ದಕ್ಕೂ 12 ಕೊತ್ತಲಗಳಿವೆ, ಎಲ್ಲವೂ ಅರ್ಧಚಂದ್ರಾಕಾರ. ಇದು ಬರಿಯ ಅಂದಕ್ಕೆಂದು ತಿಳಿಯಬೇಡಿ. ಗುಂಡಗಿನ ಗೋಡೆಗೆ ಬಡಿದ ಫಿರಂಗಿ ಗುಂಡು ಜಾರಿಹೋಗುವುದೇ ಹೆಚ್ಚು. ಮೂಲೆಯಿದ್ದರೆ ಮೊದಲು ಒಡೆಯುವುದು ಮೂಲೆಯೇ. ಮೇಲೆ ಹತ್ತಿದರೆ ಇಟ್ಟಿಗೆ ಗಾರೆಯಲ್ಲಿ ಮಾಡಿದ ಬಂದೂಕಿನ ಕಿಂಡಿಗಳಿವೆ. ಬಾಗಿಲುಗಳು ಮಾತ್ರ ಕೋಟೆಯ ಗಾತ್ರಕ್ಕೆ ಚಿಕ್ಕವು. ದೊಡ್ಡ ಬಾಗಿಲಿಟ್ಟರೆ ಶತ್ರುವಿನ ದಂಡೂ ಆರಾಮವಾಗಿ ನುಗ್ಗೀತಲ್ಲ! ಅವುಗಳ ಗಾರೆಯ ಕೆತ್ತನೆಯನ್ನು ನಿಂತು ನೋಡಿ.

ಇಷ್ಟೆಲ್ಲ ಭದ್ರವಿದ್ದೂ 1791ರಲ್ಲಿ ಕಾರ್ನ್‌ವಾಲಿಸನ ಇಂಗ್ಲಿಷ್ ಸೇನೆ ಕೋಟೆಯನ್ನು ವಶಪಡಿಸಿಕೊಂಡಿತು.

ಒಳಗಿನ ವೇಣುಗೋಪಾಲಸ್ವಾಮಿ ಗುಡಿಯ ಗೋಡೆಯಲ್ಲಿ ರಾಮಾಯಣದ ಕೆತ್ತನೆಗಳಿವೆ, ಮಕ್ಕಳಿಗೆ ಕಥೆ ಹೇಳುತ್ತಾ ತೋರಿಸಬಹುದು. ಟಿಪ್ಪು ಹುಟ್ಟಿದ ಜಾಗ ಕೋಟೆಯ ಹೊರಗೆ ಹತ್ತಿರದಲ್ಲೇ ಇದೆ. ಕಂಬಗಳ ಸಣ್ಣ ಮಂಟಪ, ಒಂದು ಕಲ್ಲು, ಅಷ್ಟೇ. ಬಿಸಿಲೇರುವ ಮುಂಚೆ ಹೋಗಿ, ಕುಡಿಯುವ ನೀರು ಜೊತೆಗಿರಲಿ.

ಕಾಲವಿದ್ದರೆ ದೇವನಹಳ್ಳಿ ಚಕ್ಕೋತ ತರುವುದನ್ನು ಮರೆಯಬೇಡಿ. ದಪ್ಪ ಸಿಪ್ಪೆ ತೆಗೆದ ಮೇಲೆ ತೊಳೆಗಳ ಬಿಳಿಯ ಪೊರೆಯನ್ನೂ ಬಿಡಿಸಿ, ಅದೇ ಕಹಿ. ಚಿಟಿಕೆ ಉಪ್ಪು, ಅಚ್ಚಮೆಣಸಿನ ಪುಡಿ ಉದುರಿಸಿದರೆ ಮನೆಮಂದಿಗೆಲ್ಲ ಒಂದು ಹಣ್ಣೇ ಸಾಕು.