ಮೂಗಿನ ಕೆಲಸ

ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಕಾಕಾನ ಬಾಯಿ ವಾಸನೆ ನೋಡುವ ಕೆಲಸ ನನ್ನದಾಗಿತ್ತು. ಧಾರವಾಡದ ಹತ್ತಿರದ ಹಳ್ಳಿ, ನನಗೆ ಎಂಟೋ ಒಂಬತ್ತೋ ವರ್ಷ. ಸಂಜೆ ಕಾಕಾ ಬಂದು ಕಟ್ಟೆಯ ಮೇಲೆ ಕೂತನೆಂದರೆ ಚಿಗವ್ವ ಅಡುಗೆಮನೆಯಿಂದ ಕಣ್ಸನ್ನೆ ಮಾಡುತ್ತಿದ್ದಳು. ನಾನು ಹೋಗಿ ಅವನ ತೊಡೆಯ ಮೇಲೆ ಕೂತು ಸಾಲಿಯ ಸುದ್ದಿ ಏನಾದರೂ ಹೇಳಬೇಕು. ಅವನು ನಕ್ಕಾಗ ಉಸಿರೆಳೆದುಕೊಂಡು, ಒಳಗೆ ಬಂದು ‘ಹೂಂ’ ಅಥವಾ ‘ಊಹೂಂ’ ಅನ್ನಬೇಕು. ಕಾಕಾ ಪೇರಲ ಎಲೆ ಜಗಿದು ಬರುತ್ತಿದ್ದ. ಎಲೆಯ ಒಗರು ವಾಸನೆಯ ಕೆಳಗೆ ಪ್ಯಾಕೆಟ್ ಶೆರೆಯ ಘಾಟು ಬೇರೆಯೇ ನಿಂತಿರುತ್ತಿತ್ತು. ನನ್ನ ಮೂಗು ತಪ್ಪುತ್ತಿರಲಿಲ್ಲ.

ಇದೆಲ್ಲ ನೆನಪಾದದ್ದು ಕಳೆದ ಮಳೆಗಾಲದಲ್ಲಿ ಬಂದ ಒಂದು ಅನುವಾದದ ಕೆಲಸದಿಂದ. ಈಗ ನಾವಿರುವುದು ನಾಸಿಕದ ಅಂಬಡ್‌ನಲ್ಲಿ. (ಜಾಲನಾ ಜಿಲ್ಲೆಯಲ್ಲೂ ಒಂದು ಅಂಬಡ್ ಇದೆ, ನನ್ನದೊಂದು ಪಾರ್ಸೆಲ್ ಅಲ್ಲಿಗೂ ಹೋಗಿ ಬಂದಿದೆ.) ಗಂಡನಿಗೆ ಇಲ್ಲಿನ ಎಂಐಡಿಸಿಯಲ್ಲಿ ಕೆಲಸ, ನಾನು ಮನೆಯಲ್ಲೇ ಕೂತು ಅನುವಾದ ಮಾಡುತ್ತೇನೆ. ಬೆಂಗಳೂರಿನ ಬಾರ್ ಸಿಬ್ಬಂದಿಗೆ ತರಬೇತಿ ಕೊಡಲು ಇಪ್ಪತ್ತು ಪುಟದ ಕೈಪಿಡಿ ಇಂಗ್ಲಿಷಿನಿಂದ ಕನ್ನಡಕ್ಕೆ ಆಗಬೇಕಿತ್ತು. ಯಾವ ಮದ್ಯದ ಪರಿಮಳ ಹೇಗೆ, ನಾಲಗೆಯ ಮೇಲೆ ಹೇಗೆ, ನುಂಗಿದ ಮೇಲೆ ಏನು ಉಳಿಯುತ್ತದೆ ಎನ್ನುವ ವಿವರಣೆ. ಮೂರನೇ ಪುಟಕ್ಕೇ ಸಿಕ್ಕಿಬಿದ್ದೆ.

ಕನ್ನಡದಲ್ಲಿ ರುಚಿ, ವಾಸನೆಗಳಿಗೆ ಮಾತಿನ ಬರವಿಲ್ಲ. ಒಗರು, ಕನರು, ಘಾಟು, ಕಮಟು, ಮುಗ್ಗಲು, ಕರಕಲು ಇವನ್ನು ಇಂಗ್ಲಿಷಿಗೆ ಒಯ್ಯುವಾಗ ನಾನು ಒದ್ದಾಡಿದ್ದೇನೆ. ಆದರೆ ಇವೆಲ್ಲ ಹೆಚ್ಚಾಗಿ ಅಡುಗೆಮನೆಯ ದೂರುಗಳು. ಏನೋ ಕೆಟ್ಟಿದೆ, ಸೀದಿದೆ ಎಂದು ಹೇಳಲು ಇರುವಂಥವು. ಕುಡಿಯುವುದರ ಬಗ್ಗೆಯಂತೂ ನಮ್ಮ ಮಾತೆಲ್ಲ ಕುಡಿದವನ ಕುರಿತೇ ಹೊರತು ಕುಡಿದದ್ದರ ಕುರಿತು ಅಲ್ಲ. ಕುಡಿತ ಎಂದರೆ ಚಟ. ಹುಡುಗರು ‘ಎಣ್ಣೆ’, ‘ಗುಂಡು’ ಅನ್ನುತ್ತಾರೆ. ಎರಡರಲ್ಲೂ ರುಚಿಯ ಸುಳಿವಿಲ್ಲ. ಕುಡುಕನ ಬಾಯಲ್ಲಿ ಅಷ್ಟೊಂದು ಚೆಂದದ ಪದಗಳನ್ನು ಹಾಡಿಸಿದ ಜಿ.ಪಿ. ರಾಜರತ್ನಂ ಅವರೇ ಕುಡಿಯುತ್ತಿರಲಿಲ್ಲ. ಪಂಪನ ಕಾಲಕ್ಕೆ ಹೋದರೆ ಗಾಳಿ ಬೇರೆ: 941ರ ಹೊತ್ತಿನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯ ವರ್ಣನೆ ವಿವರವಾಗಿಯೇ ಇದೆ, ಮುಜುಗರವಿಲ್ಲದೆ.

ನಿಘಂಟು ಮುಚ್ಚಿಟ್ಟು ಬಾಟಲಿ ತೆರೆಯುವುದೇ ಸರಿ ಅನ್ನಿಸಿತು. ಮಹಾರಾಷ್ಟ್ರದಲ್ಲಿ ಇದಕ್ಕೂ ಪರವಾನಗಿ ಬೇಕು. 1949ರ ಬಾಂಬೆ ಪಾನನಿರೋಧ ಕಾಯ್ದೆ ಇನ್ನೂ ಜೀವಂತವಾಗಿದೆ, ಕಾಗದದ ಮೇಲೆ ಇಡೀ ರಾಜ್ಯ ಪರವಾನಗಿ ಹಿಡಿದೇ ಕುಡಿಯುತ್ತದೆ.

ಮೊದಲು ತೆರೆದದ್ದು ನಮ್ಮ ಊರ ಕಡೆಯದೇ, ಅಮೃತ್ ಫ್ಯೂಷನ್. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ. ಫ್ಯೂಷನ್‌ನಲ್ಲಿ ಭಾರತದ ಜವೆಗೋಧಿಯ ಜೊತೆ ಸ್ಕಾಟ್ಲೆಂಡಿನದೂ ಸೇರಿದೆ. ಅಲ್ಲಿನದನ್ನು ಪೀಟ್ ಎಂಬ ಜೌಗುಮಣ್ಣು ಉರಿಸಿದ ಹೊಗೆಯಲ್ಲಿ ಒಣಗಿಸಿರುತ್ತಾರೆ. ಕೈಪಿಡಿಯಲ್ಲಿ ‘ಸ್ಮೋಕಿ’ ಎಂದಿತ್ತು. ಧೂಮಯುಕ್ತ ಎಂದು ಬರೆದು ನಾನೇ ನಾಚಿದ್ದೆ. ಒಂದು ಗುಟುಕು ಬಾಯಲ್ಲಿಟ್ಟುಕೊಂಡಾಗ ಅವ್ವನ ದನಿ ಕೇಳಿತು: ‘ಹಾಲು ಹೊಗಿ ಹತ್ತೇತಿ.’ ಕಟ್ಟಿಗೆ ಒಲೆಯ ಮೇಲೆ ಕಾಯಿಸಿದ ಹಾಲಿಗೆ ಹೊಗೆ ಹತ್ತಿದರೆ ನಾವು ಮೂಗು ಮುರಿಯುತ್ತಿದ್ದೆವು. ಇಲ್ಲಿ ಅದಕ್ಕೇ ಹಣ ಕೊಟ್ಟಿದ್ದೆ, ಜೊತೆಗೆ ಹುರಿದ ಗೋಧಿಯ ಕಂಪು, ತಳ ಹಿಡಿಯುವ ಮುಂಚಿನ ಬೆಲ್ಲದ ಪಾಕ. ನಿಜಕ್ಕೂ ಚೆನ್ನಾಗಿತ್ತು. ಬೆಂಗಳೂರಿನ ಬಿಸಿಗೆ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತು ಪಾಲಿನಷ್ಟು ಮದ್ಯ ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ ಸುಮಾರು ಎರಡು. ಹಾಗಾಗಿ ಇಲ್ಲಿ ಅದು ಬೇಗ ಮಾಗುತ್ತದೆ.

ಗೋವೆಯಿಂದ ಬಂದವರು ಕೊಟ್ಟ ಗೇರು ಫೆನಿಯ ಬಗ್ಗೆ ಹೆಚ್ಚು ಹೇಳಲಾರೆ. ಗೇರುಹಣ್ಣು ಕಚ್ಚಿದಾಗ ಗಂಟಲು ಹಿಡಿಯುವ ಒಗರಿದೆಯಲ್ಲ, ಅದು ಭಟ್ಟಿ ಇಳಿಸಿದರೂ ಹೋಗಿಲ್ಲ. ಲೋಟ ಎರಡು ಸಲ ತೊಳೆದರೂ ಹೋಗಲಿಲ್ಲ.

ಮೂರನೆಯದು ಅಂಬಡ್‌ನದೇ. ‘ಸರ್ಕಾರಮಾನ್ಯ ದೇಶಿ ದಾರೂ’ ಎಂದು ಬೋರ್ಡು ಹಾಕಿದ ಅಂಗಡಿಯಿಂದ, ಪಾಳಿ ಮುಗಿಸಿದ ಕಾರ್ಮಿಕರ ಸಾಲಿನಲ್ಲಿ ನಿಂತು ಗಂಡ ತಂದ ಸಂತ್ರಾ. ಮುಚ್ಚಳ ತೆಗೆದರೆ ಕಿತ್ತಳೆ ಪೆಪ್ಪರಮೆಂಟು. ಅದರ ಕೆಳಗೆ ಇಂಜೆಕ್ಷನ್ ಕೊಡುವ ಮುಂಚೆ ಒರೆಸುವ ಹತ್ತಿಯ ಘಾಟು. ಕಿತ್ತಳೆ ಇಲ್ಲಿ ಪೇರಲ ಎಲೆಯ ಕೆಲಸ ಮಾಡುತ್ತಿದೆ ಎಂದು ಹೊಳೆದದ್ದೇ ತಡ, ಲೋಟ ಕೆಳಗಿಟ್ಟೆ. ಇದು ಕಾಕಾನ ಬಾಯಿ.

ಹಾಗೆ ಅನ್ನಿಸಿದ್ದು ಭ್ರಮೆಯಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ನೀರು ಬೆರೆಸಿದರೆ ಸಾರಾಯಿ, ಕಿತ್ತಳೆ ಸುವಾಸನೆ ಸೇರಿಸಿದರೆ ಸಂತ್ರಾ, ಬಣ್ಣ ಮತ್ತು ಚೂರು ಮಾಲ್ಟ್ ಸೇರಿಸಿದರೆ ನಮ್ಮ ಅಗ್ಗದ ವಿಸ್ಕಿ. ಯುರೋಪಿನಲ್ಲಿ ಕಾಕಂಬಿಯದನ್ನು ವಿಸ್ಕಿ ಎಂದು ಮಾರುವಂತಿಲ್ಲ. ಅಗ್ಗದ ವಿಸ್ಕಿ ಕುಡಿದು ಮದುವೆಮನೆಗೆ ಬಂದ ಮಾಸ್ತರರನ್ನು ‘ಸ್ವಲ್ಪ ತಗೊಂಡಾರ’ ಅನ್ನುತ್ತಿದ್ದರು. ಅದೇ ಕಾಕಂಬಿಯ ಕಾಕಾನಿಗೆ ‘ಶೆರೆಗುಡುಕ’ ಎಂದು ಹೆಸರು.

ಹಿಪ್ಪೆಯದು ಕೊನೆಗೆ ಬಂತು, ನೀರಿನ ಬಾಟಲಿಯಲ್ಲಿ, ಪೇಠ ತಾಲೂಕಿನ ಕಡೆಯ ಪರಿಚಯದವರ ಕೈಯಲ್ಲಿ. ಮರಾಠಿಯಲ್ಲಿ ಮೋಹ. ಮಾರ್ಚ್, ಏಪ್ರಿಲ್‌ನಲ್ಲಿ ನಸುಕಿಗೆ ಉದುರುವ ಹೂವನ್ನು ಆಯ್ದು, ಒಣದ್ರಾಕ್ಷಿಯಂತೆ ಒಣಗಿಸಿ, ನೀರಲ್ಲಿ ಕೊಳೆಸಿ ಭಟ್ಟಿ ಇಳಿಸುತ್ತಾರೆ. ಆದಿವಾಸಿಗಳಿಗೆ ಅದು ಊಟವೂ ಹೌದು, ದೇವರ ಮುಂದಿಡುವುದೂ ಹೌದು. 1892ರಲ್ಲಿ ಬಾಂಬೆ ಸರ್ಕಾರ ಠಾಣೆ, ಕೊಲಾಬಾ ಜಿಲ್ಲೆಗಳಲ್ಲಿ ಬರೀ ಈ ಹೂವಿಗಾಗಿಯೇ ಕಾಯ್ದೆ ಮಾಡಿತ್ತು. ‘ಪಹಿಲ್ಯಾ ಧಾರೇಚಿ’ ಎಂದು ಹೇಳಿ ಕೊಟ್ಟರು, ಭಟ್ಟಿಯ ಮೊದಲ ಧಾರೆಯದು, ಕಟುವಾದದ್ದು. ಮೂಗಿಗೆ ಮೊದಲು ಕಮಟು, ಹಳೆ ಎಣ್ಣೆಯ ಡಬ್ಬಿಯ ಹಾಗೆ. ಕೊಂಚ ಬಿಟ್ಟರೆ ಮಳೆ ಬಿದ್ದ ಒಲೆಯ ಬೂದಿ, ಆಮೇಲೆ ಒಣದ್ರಾಕ್ಷಿ. ಎದೆಯೊಳಗೆ ಇಳಿದ ಜಾಗ ಬೆರಳಿಟ್ಟು ತೋರಿಸಬಹುದಿತ್ತು. ನಾಲ್ಕರಲ್ಲಿ ನನಗೆ ಹಿಡಿಸಿದ್ದು ಇದೇ. ಆದರೆ ಕೈಪಿಡಿಯಲ್ಲಿ ಇದರ ಹೆಸರೇ ಇರಲಿಲ್ಲ.

ಒಂದು ಪದ ಮಾತ್ರ ಬಗೆಹರಿಯಲಿಲ್ಲ: ನುಂಗಿದ ಮೇಲೆ ಉಳಿಯುವುದಕ್ಕೆ ಏನನ್ನಬೇಕು? ಚಿಗವ್ವನಿಗೆ ಫೋನ್ ಮಾಡಿದೆ. ಇದಕ್ಕಾಗಿಯೇ ಮಾಡಿದೆ ಎಂದರೆ ಸುಳ್ಳಾದೀತು. ನಾನು ಒಮ್ಮೆ ಮಾತ್ರ ತಪ್ಪು ವರದಿ ಕೊಟ್ಟಿದ್ದೆ. ಅವತ್ತು ಕಾಕಾ ನನಗೆ ಕಂಪಾಸ್ ಪೆಟ್ಟಿಗೆ ತಂದಿದ್ದ; ಪೇರಲ ಎಲೆಯ ಕೆಳಗಿನ ಘಾಟು ಸ್ಪಷ್ಟವಾಗಿದ್ದರೂ ‘ಊಹೂಂ’ ಅಂದೆ. ಚಿಗವ್ವ ಹಾಲು ಮಾರಿ ಕೂಡಿಟ್ಟ ಬೀಜದ ರೊಕ್ಕವನ್ನು ಅವನ ಕೈಗೆ ಕೊಟ್ಟಳು. ಅವನು ಮೂರನೇ ದಿನ ಮನೆಗೆ ಬಂದ. ಆ ವರ್ಷ ಹೊಲ ಬಿತ್ತಲಿಲ್ಲ. ಕಾಕಾ ತೀರಿಕೊಂಡದ್ದು 2006ರಲ್ಲಿ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು ಮರುವರ್ಷ, ಜುಲೈ 1ಕ್ಕೆ.

ಅದನ್ನೆಲ್ಲ ಫೋನಿನಲ್ಲಿ ಹೇಳಿದೆ. ಆಕೆ ಸುಮ್ಮನಿದ್ದು, ‘ನೀ ಸುಳ್ಳ ಹೇಳಿದ್ದು ಗೊತ್ತಿತ್ತವಾ. ನನಗೇನು ಮೂಗ ಇರಲಿಲ್ಲೇನು?’ ಅಂದಳು.

‘ಮತ್ತ ರೊಕ್ಕ ಯಾಕ ಕೊಟ್ಟಿ? ನನ್ನನ್ನ ಯಾಕ ಕಳಸತಿದ್ದಿ?’

‘ನೀ ತೊಡಿಮ್ಯಾಲ ಕುಂತಾಗ ಆಂವ ನಗತಿದ್ದ. ನಾ ಹೋದ್ರ ನಗತಿರಲಿಲ್ಲ.’ ಮೊದಲ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಕೇಳಿದಳು: ‘ಅಲ್ಲ, ಅದರ ರುಚಿರೆ ಹೆಂಗಿರತೈತಿ? ಇಷ್ಟ ವರ್ಷ ವಾಸನಿ ತಗೊಂಡೇನಿ, ಒಂದ ಹನಿ ಬಾಯಾಗ ಹಾಕ್ಕೊಂಡಿಲ್ಲ ನೋಡು.’

ಸಂತ್ರಾದ ಸುದ್ದಿ ಎತ್ತಲಿಲ್ಲ. ಅಮೃತ್‌ನದು ಹೇಳಿದೆ: ಹೊಗಿ ಹತ್ತಿದ ಹಾಲು, ಹುರಿದ ಗೋಧಿ, ಬೆಲ್ಲದ ಪಾಕ. ಬೆಲೆಯನ್ನೂ ಹೇಳಿದೆ.

‘ಹೊಗಿ ಹತ್ತಿದ ಹಾಲಿಗೆ ಅಷ್ಟ ರೊಕ್ಕ ಕೊಡತಾರೇನವಾ?’ ಅಂದಳು.