ಮಾವನ ಸೈಟು, ಕಾಂಡಕೋಶದ ಸೂಜಿ

9 ಜುಲೈ 2021, ಶುಕ್ರವಾರ, ಭದ್ರಾವತಿ

ಆನ್‌ಲೈನ್ ತರಗತಿ ಮುಗಿಸಿ ಶಿವಮೊಗ್ಗದಿಂದ ನ್ಯೂಟೌನ್‌ಗೆ ಬಂದೆ. ಮೆಗ್ಗಾನ್ ಆಸ್ಪತ್ರೆಯಿಂದ ಮನೆಗೆ ಬಂದಮೇಲೂ ಮಾವನಿಗೆ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು. ಐರನ್ ವರ್ಕ್ಸ್‌ನ ಕುಲುಮೆ ಮುಂದೆ ದುಡಿದ ಜೀವ. ಯಾರೋ ಕಳಿಸಿದ ವಾಟ್ಸಾಪ್ ಸಂದೇಶ ತೋರಿಸಿದರು: ಕಾಂಡಕೋಶದ ಇಂಜೆಕ್ಷನ್ ಕೊಟ್ಟರೆ ಕೊರೊನಾ ತಿಂದ ಶ್ವಾಸಕೋಶ ಹೊಸದಾಗುತ್ತದಂತೆ. “ಬಯಾಲಜಿ ಪಾಠ ಮಾಡೋಳು ನೀನು, ಹೇಳು. ಸೈಟು ಮಾರಿದ್ರೆ ದುಡ್ಡು ಹೊಂದುತ್ತೆ” ಅಂದರು. ಅತ್ತೆ ತಲೆ ಎತ್ತಲಿಲ್ಲ. ಓದಿ ಹೇಳ್ತೀನಿ ಮಾವ, ಅಲ್ಲಿವರೆಗೆ ಯಾರಿಗೂ ಮುಂಗಡ ಕೊಡಬೇಡಿ ಎಂದು ಬಂದೆ.

11 ಜುಲೈ, ಭಾನುವಾರ, ಶಿವಮೊಗ್ಗ

ಆ ಸಂದೇಶದಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಅಪಾಯ. ಅಸ್ಥಿಮಜ್ಜೆಯಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದ ಮೆಸೆಂಕೈಮಲ್ ಕಾಂಡಕೋಶಗಳನ್ನು ರಕ್ತನಾಳಕ್ಕೆ ಬಿಟ್ಟರೆ ಹೆಚ್ಚಿನವು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಅವು ಹೊಸ ಅಂಗಾಂಶ ಕಟ್ಟುವುದಿಲ್ಲ. ಉರಿಯೂತ ತಗ್ಗಿಸುವ ವಸ್ತುಗಳನ್ನು ಸ್ರವಿಸಿ, ಸ್ವಲ್ಪ ಕಾಲದಲ್ಲೇ ಅಳಿಯುತ್ತವೆ. ವೆಂಟಿಲೇಟರ್ ಮೇಲಿದ್ದವರಿಗೆ ಇದು ನೆರವಾದೀತೆಂಬ ಆಸೆಯಿಂದ ಅಮೆರಿಕದಲ್ಲಿ 300 ರೋಗಿಗಳ ಗುರಿಯಿಟ್ಟು ಪ್ರಯೋಗ ಶುರುವಾಯಿತು. ಒಂದು ತಿಂಗಳೊಳಗಿನ ಸಾವು ಕಡಿಮೆಯಾಗುವ ಸೂಚನೆ ಕಾಣದೆ 2020ರ ಡಿಸೆಂಬರ್‌ನಲ್ಲಿ ಹೊಸಬರ ಸೇರ್ಪಡೆ ನಿಂತಿತು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್‌ನ ಕೋಶೌಷಧಿಗೆ ಕಳೆದ ವರ್ಷ ಒಪ್ಪಿಗೆ ಸಿಕ್ಕಿದ್ದು ನಿಜ. ಆದರೆ ಅದು ರಕ್ತ ಹರಿಯದೆ ಕಾಲು ಕಳೆದುಕೊಳ್ಳುವ ಸ್ಥಿತಿಯವರಿಗೆ, ಶ್ವಾಸಕೋಶಕ್ಕಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೂ ರಕ್ತಸಂಬಂಧಿ ರೋಗಗಳ ಕಸಿ ಬಿಟ್ಟು ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದಲ್ಲೇ ನಡೆಯಬೇಕು ಎನ್ನುತ್ತದೆ. ಪ್ರಯೋಗವೆಂದರೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಉಸಿರಿಗೆ ಪರದಾಡುವವರ ಮುಂದೆ ಇಂಥ ಆಸೆ ಮಾರುವವರನ್ನು ನೆನೆದರೆ ಸಿಟ್ಟು ನೆತ್ತಿಗೇರುತ್ತದೆ.

25 ಜುಲೈ, ಭಾನುವಾರ, ಭದ್ರಾವತಿ

ಮಳೆ ಹಿಡಿದೇ ಇದೆ. ಓದಿದ್ದೆಲ್ಲವನ್ನೂ ಮಾವನಿಗೆ ಹೇಳಿದೆ. “ಹಾಗಾದ್ರೆ ಈ ಕೋಶ ಯಾತಕ್ಕೂ ಬರಲ್ವಾ?” ಎಂದರು. ಬರುತ್ತೆ ಮಾವ, ರೋಗವನ್ನ ಅರಿಯೋದಕ್ಕೆ ಎಂದೆ. ಗಾಳಿಚೀಲ ಕುಸಿಯದಂತೆ ಕಾಯುವ ದ್ರವ ಸುರಿಸುವುದೂ ಗಾಯವಾದಾಗ ಮತ್ತೆ ಬೆಳೆದು ರಿಪೇರಿ ಮಾಡುವುದೂ ಟೈಪ್ 2 ಕೋಶಗಳು. ವೈರಸ್ಸು ಹೊಗುವುದೂ ಅವನ್ನೇ. ಬದುಕಿರುವವರ ಎದೆಯಿಂದ ಅವನ್ನು ಬೇಕೆಂದಾಗ ತೆಗೆಯಲಾಗದು. ಜಪಾನಿನ ಯಮನಾಕಾ 2007ರಲ್ಲಿ ಮನುಷ್ಯರ ಚರ್ಮದ ಕೋಶವನ್ನು ಕಾಂಡಕೋಶದಂತಾಗಿಸಿದ್ದರಿಂದ ಈಗ ಅಂಥ ಕೋಶಗಳಿಂದ ಟೈಪ್ 2 ಕೋಶಗಳನ್ನು ಪ್ರಯೋಗಾಲಯದಲ್ಲೇ ಬೆಳೆಸಬಹುದು. ಕಳೆದ ವರ್ಷ ಬಾಸ್ಟನ್ ವಿಶ್ವವಿದ್ಯಾಲಯದವರು ಹಾಗೆ ಬೆಳೆಸಿದ ಕೋಶಗಳಿಗೆ ಕೊರೊನಾ ತಗುಲಿಸಿ ನೋಡಿದರು: ಉರಿಯೂತದ ಸಂಕೇತ ಬೇಗ ಏಳುತ್ತದೆ, ವೈರಸ್ ತಡೆಯುವ ಇಂಟರ್‌ಫೆರಾನ್ ಮಾತ್ರ ತಡವಾಗಿ ಬರುತ್ತದೆ. ಮುಂದೆ ಒಳ್ಳೆಯ ಔಷಧಿ ಬಂದರೆ ಇಂಥ ಕೆಲಸದ ದಾರಿಯಿಂದಲೇ ಬರುತ್ತದೆಂದು ನನ್ನ ನಂಬಿಕೆ.

ಮಾವ ಬಹಳ ಹೊತ್ತು ಕೇಳಿಸಿಕೊಂಡರು. ಸೈಟು ಮಾರುವ ಮಾತು ಬಿಟ್ಟಿದ್ದಾರೆ. ನಾಳೆ ಅವರನ್ನು ಎದೆರೋಗ ತಜ್ಞರ ಹತ್ತಿರ ಕರೆದೊಯ್ದು, ಉಸಿರಾಟದ ವ್ಯಾಯಾಮ ಕಲಿಸಿಕೊಂಡು ಬರಬೇಕು.